ತಲೆಗೆ ಬಂದದ್ದು ರುಮಾಲಿಗೆ ಹೋಯಿತು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಈ ಸಲದ ಸಂಚಿಕೆಗೆ ವಿಮಾನದ ವಿಷಯ ಬರೆಯುತ್ತೇನೆಂದು ಹೇಳಿದಾಗ ನನ್ನ ಸಹಪಾಠಿಗಳು ನಕ್ಕರು. ಅವರು ನಕ್ಕದ್ದು ನ್ಯಾಯವೇ. ನಾನು ಇಂದಿನವರೆಗೆ ವಿಮಾನ ಹತ್ತಿದವಳಲ್ಲ, ಅದನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ನಮ್ಮೂರಿನ ಮೇಲೆ ಹಾದುಹೋಗುವ ವಿಮಾನ ನೀಲಿ ಆಕಾಶದಲ್ಲಿ ಬಿಳಿಯ ಗೆರೆಯೊಂದನ್ನು ಎಳೆದು ಮಾಯವಾಗುತ್ತದೆ. ದನ ಕಾಯುವ ಹುಡುಗರು ಕೈ ಬೀಸುತ್ತಾರೆ. ಅಲ್ಲಿಗೆ ನಮಗೂ ಅದಕ್ಕೂ ಇರುವ ನಂಟು ಮುಗಿಯಿತು. ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಂಥವಳಿಗೆ ಮೂವತ್ತೇಳು ಸಾವಿರ ಅಡಿ ಎತ್ತರದ ಮಾತು ಏತಕ್ಕೆ ಎಂದು ಗುರುಗಳೂ ಕೇಳಿಯಾರು. ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ದೊಡ್ಡ ಗಂಡಾಂತರವೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿದಾಗ ನಮ್ಮ ಹಿರಿಯರು ಹೇಳುವ ಗಾದೆ ಎಲ್ಲರಿಗೂ ಗೊತ್ತು: ತಲೆಗೆ ಬಂದದ್ದು ರುಮಾಲಿಗೆ ಹೋಯಿತು. ಈ ಗಾದೆಯಲ್ಲಿ ಸಮಾಧಾನವಿದೆ, ದೈವಭಕ್ತಿಯಿದೆ, ಬದುಕಿ ಉಳಿದವನ ನಿಟ್ಟುಸಿರಿದೆ. ಆದರೆ ಒಂದು ಪ್ರಶ್ನೆ ಮಾತ್ರ ಇಲ್ಲ. ರುಮಾಲನ್ನು ಕೆಳಗೆ ಬೀಳಿಸಿದ್ದು ಏನು? ಅದು ಇನ್ನೂ ಅಲ್ಲಿಯೇ ಇದೆಯೆ? ನಾಳೆ ಅದೇ ದಾರಿಯಲ್ಲಿ ಬರುವವನ ತಲೆಯ ಮೇಲೆ ರುಮಾಲು ಇಲ್ಲದಿದ್ದರೆ ಅವನ ಗತಿ ಏನು? ನಾವು ರುಮಾಲನ್ನು ಎತ್ತಿ, ಧೂಳು ಕೊಡವಿ, ತಲೆಗೆ ಸುತ್ತಿಕೊಂಡು ಮನೆಗೆ ಹೋಗುತ್ತೇವೆ. ಈ ಅಭ್ಯಾಸ ಸರಿಯಲ್ಲವೆಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ನಡೆದ ಸಂಗತಿಯೊಂದನ್ನು ತೆಗೆದುಕೊಳ್ಳೋಣ. 2001ನೆಯ ಇಸವಿ ಜನವರಿ 31. ಜಪಾನಿನ ಟೋಕಿಯೋದ ಹನೇದಾ ನಿಲ್ದಾಣದಿಂದ ಜಪಾನ್ ಏರ್‌ಲೈನ್ಸಿನ 907ನೆಯ ವಿಮಾನ ದಕ್ಷಿಣದ ಓಕಿನಾವಾ ದ್ವೀಪದ ನಾಹಾ ನಗರಕ್ಕೆ ಹೊರಟಿತ್ತು. ಅದು ಬೋಯಿಂಗ್ 747 ಎಂಬ ಭಾರಿ ವಿಮಾನ. ಒಳಗೆ 427 ಜನ. ಅದೇ ಸಂಸ್ಥೆಯ 958ನೆಯ ವಿಮಾನ ಕೊರಿಯಾದ ಬೂಸಾನ್‌ನಿಂದ ಟೋಕಿಯೋದ ಬಳಿಯ ನರೀತಾ ನಿಲ್ದಾಣಕ್ಕೆ ಬರುತ್ತಿತ್ತು. ಅದರಲ್ಲಿ 250 ಜನ. ಬರುವ ವಿಮಾನ 37,000 ಅಡಿಯಲ್ಲಿ ಸಮನಾಗಿ ಹಾರುತ್ತಿತ್ತು. ಹೋಗುವ ವಿಮಾನ 39,000 ಅಡಿಯ ಕಡೆಗೆ ಏರುತ್ತಿತ್ತು. ಷಿಜುವೋಕಾ ಪ್ರಾಂತದ ಸುರುಗಾ ಕೊಲ್ಲಿಯ ಹತ್ತಿರ ಇವೆರಡರ ದಾರಿಗಳು ಒಂದನ್ನೊಂದು ಅಡ್ಡಹಾಯುತ್ತಿದ್ದವು.

ನೆಲದ ಮೇಲೆ ಕುಳಿತು ರಾಡಾರ್ ಪರದೆಯನ್ನು ನೋಡುತ್ತ ವಿಮಾನಗಳಿಗೆ ದಾರಿ ಹೇಳುವವರನ್ನು ವಾಯುಸಂಚಾರ ನಿಯಂತ್ರಕರೆನ್ನುತ್ತಾರೆ. ಆ ದಿನ ಆ ಕುರ್ಚಿಯಲ್ಲಿದ್ದವರು ಇನ್ನೂ ತರಬೇತಿ ಪಡೆಯುತ್ತಿದ್ದವರು. ಪಕ್ಕದಲ್ಲಿ ಅವರ ಕೆಲಸವನ್ನು ನೋಡಿಕೊಳ್ಳಲು ಅನುಭವಿ ನಿಯಂತ್ರಕರೊಬ್ಬರಿದ್ದರು. ಎರಡು ವಿಮಾನಗಳು ತೀರ ಸಮೀಪಿಸುತ್ತಿವೆ ಎಂದು ಪರದೆ ಎಚ್ಚರಿಸಿತು. ಮಾಡಬೇಕಾದದ್ದು ಸರಳವಾಗಿತ್ತು: ಬರುತ್ತಿದ್ದ 958ಕ್ಕೆ ಇಳಿಯಲು ಹೇಳುವುದು. ತರಬೇತಿಯವರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಬಾಯಿಂದ ಬಂದದ್ದು ಮಾತ್ರ 907. 'ಇಳಿಯಿರಿ' ಎಂಬ ಅಪ್ಪಣೆ ಹೋಗಬೇಕಾದ ವಿಮಾನಕ್ಕೆ ಹೋಗದೆ ಇನ್ನೊಂದಕ್ಕೆ ಹೋಯಿತು. ಪಕ್ಕದಲ್ಲಿದ್ದ ಹಿರಿಯರಿಗೂ ಆ ತಪ್ಪು ಕಿವಿಗೆ ತಟ್ಟಲಿಲ್ಲ.

907ರ ಚಾಲಕರು ಅಪ್ಪಣೆಯನ್ನು ಪಾಲಿಸಿದರು. ಏರುತ್ತಿದ್ದ ವಿಮಾನವನ್ನು ಇಳಿಸತೊಡಗಿದರು. ಇನ್ನು ಕೆಲವು ಸೆಕೆಂಡುಗಳಲ್ಲಿ ಎರಡು ವಿಮಾನಗಳಲ್ಲಿಯೂ ಇದ್ದ ಟಿ.ಸಿ.ಎ.ಎಸ್. ಎಂಬ ಯಂತ್ರ ಮಾತನಾಡಿತು. ಈ ಯಂತ್ರದ ಕೆಲಸ ಬಹು ಸ್ವಾರಸ್ಯವಾದುದು. ಅದು ನೆಲದವರ ಸಹಾಯವಿಲ್ಲದೆ ಎದುರಿನ ವಿಮಾನದ ಯಂತ್ರದೊಡನೆ ತಾನೇ ಸಂಕೇತಗಳಿಂದ ವಿಚಾರಿಸಿಕೊಳ್ಳುತ್ತದೆ. ಘರ್ಷಣೆಯಾಗುವ ಸಂಭವ ಕಂಡರೆ ಎರಡೂ ಯಂತ್ರಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಒಬ್ಬನಿಗೆ 'ಏರು' ಎಂದೂ ಇನ್ನೊಬ್ಬನಿಗೆ 'ಇಳಿ' ಎಂದೂ ಕೂಗಿ ಹೇಳುತ್ತವೆ. ಅಂದು 907ಕ್ಕೆ ಯಂತ್ರ ಹೇಳಿದ್ದು 'ಏರು'. 958ಕ್ಕೆ ಹೇಳಿದ್ದು 'ಇಳಿ'. 958 ಯಂತ್ರದ ಮಾತಿನಂತೆ ಇಳಿಯಿತು. 907ರ ಮುಖ್ಯ ಚಾಲಕರು ಆಗಲೇ ನಿಯಂತ್ರಕರ ಮಾತಿನಂತೆ ಇಳಿಯುತ್ತಿದ್ದರು. ಎಂಜಿನ್ನಿನ ವೇಗವನ್ನು ತಗ್ಗಿಸಿಯೂ ಆಗಿತ್ತು. ಆ ಎತ್ತರದಲ್ಲಿ ಮತ್ತೆ ಏರಲು ಹೋದರೆ ವಿಮಾನ ಹಿಡಿತ ತಪ್ಪೀತೆಂದು ಅಂಜಿ ಇಳಿಯುವುದನ್ನೇ ಮುಂದುವರಿಸಿದರು. ಒಬ್ಬ ನೆಲದ ಮಾತು ಕೇಳಿ ಇಳಿದ, ಇನ್ನೊಬ್ಬ ಯಂತ್ರದ ಮಾತು ಕೇಳಿ ಇಳಿದ. ಇಬ್ಬರೂ ಆಜ್ಞೆಯನ್ನು ಪಾಲಿಸಿದವರೇ, ಇಬ್ಬರೂ ಒಂದೇ ಬಿಂದುವಿನ ಕಡೆಗೆ ಧಾವಿಸುತ್ತಿದ್ದವರೇ.

ಅಷ್ಟರಲ್ಲಿ ಹಿರಿಯ ನಿಯಂತ್ರಕರಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ತಾವೇ ಮಾತನ್ನು ಕೈಗೆತ್ತಿಕೊಂಡು ಅಪ್ಪಣೆ ಕೊಟ್ಟರು. ಆದರೆ ಆ ಗಾಬರಿಯಲ್ಲಿ ಅವರ ಬಾಯಿಂದ ಬಂದ ಸಂಖ್ಯೆ 957. ಅಂಥ ವಿಮಾನವೇ ಅಲ್ಲಿರಲಿಲ್ಲ. ಇಲ್ಲದ ವಿಮಾನ ಉತ್ತರ ಕೊಡುವುದಾದರೂ ಹೇಗೆ?

ಕೊನೆಗೆ ಉಳಿಸಿದ್ದು ಮನುಷ್ಯರ ಕಣ್ಣು. ಹಗಲಾಗಿತ್ತು, ಆಕಾಶದಲ್ಲಿ ಒಬ್ಬರಿಗೊಬ್ಬರು ಕಂಡರು. 907ರ ಚಾಲಕರು ವಿಮಾನವನ್ನು ಇನ್ನೂ ಕಡಿದಾಗಿ ಕೆಳಗೆ ದುಮುಕಿಸಿದರು, 958ರವರು ಮೇಲಕ್ಕೆಳೆದರು. ಎರಡು ವಿಮಾನಗಳು ಸುಮಾರು 135 ಮೀಟರಿನಷ್ಟು ಹತ್ತಿರದಲ್ಲಿ ಹಾದುಹೋದವು. ಬೋಯಿಂಗ್ 747ರ ಉದ್ದವೇ ಎಪ್ಪತ್ತು ಮೀಟರು. ಆ ದುಮುಕುವಿಕೆಯಲ್ಲಿ ತಿಂಡಿಯ ಗಾಡಿ ಮೇಲ್ಛಾವಣಿಗೆ ಅಪ್ಪಳಿಸಿತು, ಪಟ್ಟಿ ಕಟ್ಟಿಕೊಳ್ಳದಿದ್ದವರು ಮೇಲಕ್ಕೆ ಎಸೆಯಲ್ಪಟ್ಟರು, ಸುಮಾರು ನೂರು ಮಂದಿಗೆ ಪೆಟ್ಟಾಯಿತು. ಆದರೆ 677 ಜೀವಗಳಲ್ಲಿ ಒಂದೂ ಹೋಗಲಿಲ್ಲ. 1977ರಲ್ಲಿ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತದ್ದು ಇಂದಿಗೂ ಎರಡು ವಿಮಾನಗಳ ಡಿಕ್ಕಿಯಲ್ಲಿ ಅತ್ಯಂತ ದೊಡ್ಡದು. ಸುರುಗಾ ಕೊಲ್ಲಿಯ ಮೇಲೆ ಆ 135 ಮೀಟರು ಇಲ್ಲದಿದ್ದರೆ ಅದನ್ನೂ ಮೀರಿಸುವ ದುರಂತವಾಗುತ್ತಿತ್ತು.

ತಲೆಗೆ ಬಂದದ್ದು ರುಮಾಲಿಗೆ ಹೋಯಿತು. ಅನಂತರ?

ಈ ಪ್ರಶ್ನೆಗೆ ಉತ್ತರ ಹೇಳಲು ನನ್ನ ಮನಸ್ಸು ಅಳುಕುತ್ತದೆ. ಜಪಾನಿನವರು ಶ್ರದ್ಧೆಯಿಂದ ವಿಚಾರಣೆ ನಡೆಸಿದರು. ನೆಲದ ನಿಯಂತ್ರಕ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದರೆ ಚಾಲಕನು ಯಾರ ಮಾತನ್ನು ಕೇಳಬೇಕು ಎಂಬುದು ಪ್ರಪಂಚದ ಎಲ್ಲ ಚಾಲಕರಿಗೂ ಸಂಶಯವಿಲ್ಲದಂತೆ ತಿಳಿದಿರಬೇಕೆಂದು ಅವರಿಗೆ ಹೊಳೆಯಿತು. ಯಂತ್ರದ ಮಾತನ್ನೇ ಕೇಳಬೇಕೆಂಬ ನಿಯಮ ಸ್ಪಷ್ಟವಾಗಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆಯನ್ನು ಕೋರಿ ಅವರ ಅಂತಿಮ ವರದಿ ಹೊರಬಂದದ್ದು 2002ರ ಜುಲೈ 12ರಂದು. ಆದರೆ ಅದಕ್ಕೆ ಹನ್ನೊಂದು ದಿನ ಮೊದಲು, ಜುಲೈ 1ರ ರಾತ್ರಿ, ಜರ್ಮನಿಯ ಊಬರ್‌ಲಿಂಗೆನ್ ಎಂಬ ಊರಿನ ಮೇಲೆ ರಷ್ಯದ ಪ್ರಯಾಣಿಕ ವಿಮಾನವೂ ಸರಕು ಸಾಗಿಸುವ ಬೋಯಿಂಗ್ 757 ವಿಮಾನವೂ ಒಂದೇ ಎತ್ತರದಲ್ಲಿ ಎದುರಾದವು. ರಷ್ಯದ ವಿಮಾನಕ್ಕೆ ಯಂತ್ರ ಹೇಳಿದ್ದು 'ಏರು'. ಜೂರಿಕ್‌ನ ನಿಯಂತ್ರಕರು ಹೇಳಿದ್ದು 'ಇಳಿ'. ಚಾಲಕರು ನಿಯಂತ್ರಕರ ಮಾತನ್ನು ಕೇಳಿದರು. ಸರಕಿನ ವಿಮಾನ ತನ್ನ ಯಂತ್ರದ ಮಾತಿನಂತೆ ಇಳಿಯಿತು. ಸುರುಗಾ ಕೊಲ್ಲಿಯ ಕಥೆಯೇ ಅಕ್ಷರಶಃ ಮರುಕಳಿಸಿತು. ಆದರೆ ಈ ಸಲ ಹಗಲಿನ ಬೆಳಕಿರಲಿಲ್ಲ, 135 ಮೀಟರೂ ಇರಲಿಲ್ಲ. ಸತ್ತವರು 71 ಮಂದಿ. ಅವರಲ್ಲಿ 52 ಮಕ್ಕಳು. ಬಹುಪಾಲು ರಷ್ಯದ ಉಫಾ ನಗರದಿಂದ ಸ್ಪೇನ್ ದೇಶಕ್ಕೆ ರಜೆ ಕಳೆಯಲು ಹೊರಟಿದ್ದ ಶಾಲೆಯ ಮಕ್ಕಳು.

ಹದಿನೇಳು ತಿಂಗಳ ಹಿಂದೆ ಏಷ್ಯದ ಒಂದು ಮೂಲೆಯಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದ ಪಾಠವನ್ನು ಯೂರೋಪು 71 ಪ್ರಾಣಗಳ ಬೆಲೆ ತೆತ್ತು ಕೊಳ್ಳಬೇಕಾಯಿತು. ಯಂತ್ರದ ಮಾತೇ ಮೇಲೆಂದು ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾದದ್ದು 2003ರಲ್ಲಿ.

ನಮ್ಮ ದೇಶವೂ ಇಂಥ ಬೆಲೆ ತೆತ್ತಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಾದದ್ದು ಅದಕ್ಕಿಂತ ಕೆಳಗಿಳಿದು, 14,000 ಅಡಿಗೆ ಏರುತ್ತಿದ್ದ ಸೌದಿ ವಿಮಾನಕ್ಕೆ ಬಡಿದು 349 ಜನ ತೀರಿಹೋದರು. ಅಂದು ದೆಹಲಿಗೆ ಬರುವ ವಿಮಾನಗಳೂ ಹೋಗುವ ವಿಮಾನಗಳೂ ಒಂದೇ ದಾರಿಯನ್ನು ಹಂಚಿಕೊಂಡಿದ್ದವು. ಪರದೆಯ ಮೇಲೆ ವಿಮಾನದ ಎತ್ತರವನ್ನು ತೋರಿಸುವ ರಾಡಾರ್ ಬಳಕೆಗೆ ಬಂದಿರಲಿಲ್ಲ. ದಾರಿಗಳು ಬೇರೆಯಾದದ್ದು, ಘರ್ಷಣೆ ತಡೆಯುವ ಯಂತ್ರ ನಮ್ಮಲ್ಲಿ ಕಡ್ಡಾಯವಾದದ್ದು, ಎಲ್ಲವೂ ಆಮೇಲೆ. ಸತ್ತವರಿಂದ ಕಲಿಯುವುದರಲ್ಲಿ ಮನುಷ್ಯಕುಲ ಹಿಂದೆ ಬಿದ್ದಿಲ್ಲ. ಬದುಕಿದವರಿಂದ ಕಲಿಯುವುದೇ ಕಷ್ಟವಾಗಿದೆ.

ಇದೇಕೆ ಹೀಗೆ? ಈಗ ನಾನು ಈ ವಿಷಯವನ್ನು ಆರಿಸಿಕೊಂಡ ಕಾರಣವನ್ನು ಹೇಳಬೇಕು.

ನಮ್ಮ ಅಪ್ಪ ಗುತ್ತಿಗೆದಾರರ ಕೈಕೆಳಗೆ ವಿದ್ಯುತ್ ಕಂಬದ ಕೆಲಸ ಮಾಡುತ್ತಾರೆ. ಕಂಬ ಹತ್ತುವ ಮೊದಲು ಆ ಲೈನಿನ ಕರೆಂಟನ್ನು ತೆಗೆಸಬೇಕು. ಅದಕ್ಕೆ 'ಲೈನ್ ಕ್ಲಿಯರ್' ತೆಗೆದುಕೊಳ್ಳುವುದು ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಸಬ್‌ಸ್ಟೇಷನ್ನಿಗೆ ತಿಳಿಸಿದರೆ ಅಲ್ಲಿಯ ಆಪರೇಟರು ಮತ್ತೆ ಕರೆಂಟು ಬಿಡುತ್ತಾರೆ. ನಾನು ಪಿ.ಯು.ಸಿ. ಓದುತ್ತಿದ್ದಾಗ ಒಂದು ದಿನ ಅಪ್ಪನ ತಂಡ ಹೊಸಹಳ್ಳಿ ಲೈನಿನಲ್ಲಿಯೂ ಇನ್ನೊಂದು ತಂಡ ಹೊಸೂರು ಲೈನಿನಲ್ಲಿಯೂ ಕೆಲಸ ಮಾಡುತ್ತಿದ್ದವು. ಹೊಸೂರಿನವರ ಕೆಲಸ ಬೇಗ ಮುಗಿಯಿತು. 'ಹೊಸೂರು ಆಯಿತು, ಕರೆಂಟ್ ಬಿಡಿ ಸ್ವಾಮಿ' ಎಂದು ಅವರು ಮೊಬೈಲಿನಲ್ಲಿ ಹೇಳಿದರು. ಗಾಳಿಯ ಸದ್ದು, ಸಿಗ್ನಲ್ಲಿನ ತೊಂದರೆ. ಆಪರೇಟರ ಕಿವಿಗೆ ಬಿದ್ದದ್ದು ಹೊಸಹಳ್ಳಿ. ಅವರು ಹೊಸಹಳ್ಳಿಗೆ ಕರೆಂಟು ಬಿಟ್ಟರು.

ಅಪ್ಪ ಅದೇ ಹೊತ್ತಿಗೆ ಕಟಿಂಗ್ ಪ್ಲೇಯರ್ ಕೆಳಗೆ ಬಿದ್ದಿತೆಂದು ಕಂಬ ಇಳಿದಿದ್ದರು. ಬಗ್ಗಿ ಅದನ್ನು ಎತ್ತಿಕೊಳ್ಳುವಾಗ ಪಕ್ಕದ ತೋಟದಲ್ಲಿ ಪಂಪ್‌ಸೆಟ್ಟು ತಾನಾಗಿಯೇ ಗುಡುಗುಟ್ಟಿ ನೀರೆತ್ತತೊಡಗಿತು. ಕರೆಂಟು ಬಂದಿದೆ ಎಂದು ಅಪ್ಪನಿಗೆ ತಿಳಿದದ್ದು ಆ ನೀರಿನ ಸದ್ದಿನಿಂದ. ತಂತಿಯನ್ನು ಭೂಮಿಗೆ ಜೋಡಿಸುವ ಸರಪಳಿಯನ್ನು ಹಾಕಿಕೊಂಡು ಕೆಲಸ ಮಾಡಬೇಕೆಂಬ ಪದ್ಧತಿ ಉಂಟು. ಇದ್ದದ್ದು ಒಂದೇ ಸರಪಳಿ; ಅದನ್ನು ಆ ದಿನ ಇನ್ನೊಂದು ತಂಡ ಒಯ್ದಿತ್ತು.

ಸಂಜೆ ಆ ಆಪರೇಟರು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು ಅಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವ್ವ ಚಹಾ ಮಾಡಿ ಕೊಟ್ಟಳು. ಮಾರನೆಯ ದಿನ ಮಾರಮ್ಮನ ಗುಡಿಯಲ್ಲಿ ಕಾಯಿ ಒಡೆಸಿದಳು. ತಂಡದವರೆಲ್ಲ, 'ತಲೆಗೆ ಬಂದದ್ದು ರುಮಾಲಿಗೆ ಹೋಯಿತು, ಬಿಡಿ ಅತ್ಲಾಗೆ' ಎಂದರು. ಯಾವ ಪುಸ್ತಕದಲ್ಲಿಯೂ ಯಾರೂ ಒಂದಕ್ಷರ ಬರೆಯಲಿಲ್ಲ.

ಏಳೆಂಟು ತಿಂಗಳಾದ ಮೇಲೆ ಅವೇ ಎರಡು ಲೈನುಗಳಲ್ಲಿ, ಅದೇ ಎರಡು ಹೆಸರುಗಳ ಗೊಂದಲದಲ್ಲಿ, ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ತನ್ನ ಬಲಗೈಯನ್ನು ಕಳೆದುಕೊಂಡ. ಆ ದಿನ ಕೆಲಸದ ಮೇಲಿದ್ದವರು ಬೇರೆ ಆಪರೇಟರು. ಮೊದಲಿನವರು ಅಂದಿನಿಂದ ಪ್ರತಿಯೊಂದು ಹೆಸರನ್ನೂ ಎರಡು ಸಲ ಹೇಳಿಸಿಕೊಂಡೇ ಕರೆಂಟು ಬಿಡುತ್ತಿದ್ದರಂತೆ. ಅವರು ಪಾಠ ಕಲಿತಿದ್ದರು. ಆದರೆ ಪಾಠ ಅವರೊಬ್ಬರ ಎದೆಯಲ್ಲಿಯೇ ಉಳಿದಿತ್ತು. ಪಕ್ಕದ ಪಾಳಿಯವರಿಗೆ ಅದು ತಿಳಿದಿರಲಿಲ್ಲ.

ಈ ವರ್ಷ ನಾನು ಅಪ್ಪನನ್ನು ಕೇಳಿಯೇಬಿಟ್ಟೆ: ಅಂದು ಬರೆದು ತಿಳಿಸಿದ್ದರೆ ಆ ಹುಡುಗನ ಕೈ ಉಳಿಯುತ್ತಿರಲಿಲ್ಲವೆ? ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: 'ಬರ್ದಿದ್ರೆ ಆವಯ್ಯನ ಕೆಲ್ಸ ಹೋಗೋದು ಕಣವ್ವ. ಅವನಿಗೂ ಎರಡು ಮಕ್ಕಳವೆ. ನಾನೇನು ಸತ್ತಿದ್ನಾ?'

ಸ್ನೇಹಿತರೇ, ನಾನು ಮೂರು ವರ್ಷ ಓದಿದ ತರ್ಕವೆಲ್ಲ ಈ ಮಾತಿನ ಮುಂದೆ ನಿಲ್ಲಲಿಲ್ಲ. ಅಪ್ಪನ ಮೌನ ಹೇಡಿತನದ ಮೌನವಲ್ಲ, ಅದು ಕರುಣೆಯ ಮೌನ. ಬಡವನೊಬ್ಬ ಇನ್ನೊಬ್ಬ ಬಡವನ ಅನ್ನವನ್ನು ಕಾಪಾಡಿದ. ಆದರೆ ಅದೇ ಕರುಣೆ ಗುರುತಿಲ್ಲದ ಮೂರನೆಯವನೊಬ್ಬನ ಕೈಯನ್ನು ತೆಗೆಯಿತು. ಇದರಲ್ಲಿ ಯಾರನ್ನು ದೂರೋಣ? ನಾನು ಯಾರನ್ನೂ ದೂರಲಾರೆ. ದೂರಬೇಕಾದದ್ದು ಒಂದು ಏರ್ಪಾಟನ್ನು. ನಿಜ ಹೇಳಿದರೆ ಒಬ್ಬನ ಅನ್ನ ಹೋಗುತ್ತದೆ, ಹೇಳದಿದ್ದರೆ ಇನ್ನೊಬ್ಬನ ಪ್ರಾಣ ಹೋಗುತ್ತದೆ ಎಂಬ ಇಕ್ಕಟ್ಟಿನಲ್ಲಿ ಕೆಲಸಗಾರನನ್ನು ನಿಲ್ಲಿಸಿರುವ ಏರ್ಪಾಟನ್ನು.

ಈ ಇಕ್ಕಟ್ಟಿಗೆ ಬಿಡುಗಡೆಯಿಲ್ಲವೆ? ಉಂಟೆಂದು ವಿಮಾನದವರೇ ತೋರಿಸಿಕೊಟ್ಟಿದ್ದಾರೆ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್‌ಟನ್ ನಗರದ ಕಡೆಗೆ ಇಳಿಯುತ್ತಿದ್ದ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನ, ಇಳಿಯಲು ಕೊಟ್ಟ ಅನುಮತಿಯ ಅರ್ಥವನ್ನು ಬೇರೆಯಾಗಿ ತಿಳಿದು, ಬೇಗನೆ ಕೆಳಗಿಳಿದು ವರ್ಜೀನಿಯದ ಗುಡ್ಡವೊಂದಕ್ಕೆ ಬಡಿಯಿತು. ಒಳಗಿದ್ದ 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇನ್ನೂ ದುಃಖಕರ. ಆರು ವಾರಗಳ ಹಿಂದೆಯೇ ಯುನೈಟೆಡ್ ಎಂಬ ಇನ್ನೊಂದು ಸಂಸ್ಥೆಯ ವಿಮಾನ ಅದೇ ಅಪಾರ್ಥದಿಂದ ಅದೇ ಗುಡ್ಡಕ್ಕೆ ತಾಗುವುದರಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತ್ತು. ಆ ಚಾಲಕರು ತಮ್ಮ ಸಂಸ್ಥೆಗೆ ತಿಳಿಸಿದ್ದರು. ಸಂಸ್ಥೆ ತನ್ನ ಚಾಲಕರನ್ನೆಲ್ಲ ಎಚ್ಚರಿಸಿತ್ತು. ಆದರೆ ಸುದ್ದಿ ಆ ಮನೆಯ ಹೊಸಿಲನ್ನು ದಾಟಲಿಲ್ಲ. ನಮ್ಮೂರಿನ ಸಬ್‌ಸ್ಟೇಷನ್ನಿನಲ್ಲಿ ಎರಡು ಪಾಳಿಗಳ ನಡುವೆ ಇದ್ದ ಗೋಡೆ ಅಲ್ಲಿ ಎರಡು ದೊಡ್ಡ ಸಂಸ್ಥೆಗಳ ನಡುವೆ ಇತ್ತು.

ಆ ಗೋಡೆಯನ್ನು ಕೆಡವಲು 1976ರಲ್ಲಿ ಅಮೆರಿಕದವರು ಒಂದು ಏರ್ಪಾಟು ಮಾಡಿದರು. ಚಾಲಕ, ನಿಯಂತ್ರಕ, ದುರಸ್ತಿಗಾರ, ಯಾರೇ ಆಗಲಿ, ತಾನು ಮಾಡಿದ ಅಥವಾ ಕಂಡ ತಪ್ಪನ್ನು ಬರೆದು ಕಳಿಸಬಹುದು. ಕಳಿಸಬೇಕಾದದ್ದು ಲೈಸೆನ್ಸು ಕೊಡುವ, ದಂಡ ಹಾಕುವ ಇಲಾಖೆಗೆ ಅಲ್ಲ. ಶಿಕ್ಷಿಸುವ ಅಧಿಕಾರವೇ ಇಲ್ಲದ ನಾಸಾ ಸಂಸ್ಥೆಗೆ. ಅವರು ಬರೆದವನ ಹೆಸರನ್ನೂ ಗುರುತನ್ನೂ ತೆಗೆದುಹಾಕಿ ವಿಷಯವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಆಯ್ದ ವರದಿಗಳನ್ನು ತಿಂಗಳಿಗೊಮ್ಮೆ ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ಹತ್ತು ದಿನದೊಳಗೆ ತಾನಾಗಿ ತಿಳಿಸಿದವನಿಗೆ ಆ ತಪ್ಪಿಗಾಗಿ ದಂಡದಿಂದ ವಿನಾಯಿತಿ ದೊರೆಯುತ್ತದೆ. ಬೇಕೆಂದೇ ಮಾಡಿದ್ದಕ್ಕೆ, ಅಪರಾಧಕ್ಕೆ, ಅಪಘಾತವಾಗಿಯೇ ಹೋದದ್ದಕ್ಕೆ ಈ ರಿಯಾಯಿತಿ ಇಲ್ಲ. ಎಷ್ಟು ಸರಳವಾದ ಉಪಾಯ! ಹೆಸರನ್ನು ತೆಗೆ, ಸತ್ಯವನ್ನು ಉಳಿಸು.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ತಪ್ಪಿತಸ್ಥರನ್ನು ಹೀಗೆ ಬಿಟ್ಟುಬಿಟ್ಟರೆ ಕೆಲಸದಲ್ಲಿ ಭಯವೇ ಇರುವುದಿಲ್ಲ, ಪೆಟ್ಟು ತಿಂದವರಿಗೆ ನ್ಯಾಯವೆಲ್ಲಿ ಎಂದು ಕೇಳುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜಪಾನಿನಲ್ಲಿ ಇದೇ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಆ ಇಬ್ಬರು ನಿಯಂತ್ರಕರ ಮೇಲೆ ಮೊಕದ್ದಮೆ ಹೂಡಲಾಯಿತು. 2006ರಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯ ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. 2008ರಲ್ಲಿ ಮೇಲಿನ ನ್ಯಾಯಾಲಯ ತಪ್ಪಿತಸ್ಥರೆಂದಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಸೆರೆವಾಸದ ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದರಿಂದ ಅವರು ಸೆರೆಮನೆಗೆ ಹೋಗಲಿಲ್ಲ. ಆದರೆ ಅಪರಾಧಿಗಳೆಂಬ ಹೆಸರು ಬಂದೇ ಬಂತು. ಒಂದು ಸಂಖ್ಯೆಯನ್ನು ತಪ್ಪಾಗಿ ಹೇಳಿದ್ದಕ್ಕೆ ವರ್ಷಗಟ್ಟಲೆ ವ್ಯಾಜ್ಯ!

ಆ ನ್ಯಾಯಾಧೀಶರ ಪಾಂಡಿತ್ಯದ ಮುಂದೆ ನಾನು ಎಷ್ಟರವಳು? ಆದರೂ ನನ್ನ ಅಭಿಪ್ರಾಯವನ್ನು ಹೇಳದಿರಲಾರೆ. ಕುಡಿದು ಕೆಲಸಕ್ಕೆ ಬಂದವನಿಗೆ, ನಿಯಮವನ್ನು ಬೇಕೆಂದೇ ಮುರಿದವನಿಗೆ, ಹಣ ಉಳಿಸಲು ಎರಡನೆಯ ಸರಪಳಿ ಕೊಡದವನಿಗೆ ಶಿಕ್ಷೆಯಾಗಲಿ. ಆದರೆ ನಾಲಿಗೆ ತೊದಲುವುದು, ಕಿವಿ ಮೋಸಹೋಗುವುದು ಮನುಷ್ಯನ ಹುಟ್ಟುಗುಣ. ನಮ್ಮ ಮನೆಯಲ್ಲಿ ಅವ್ವ ನನ್ನನ್ನು ಕೂಗಬೇಕಾದಾಗ ಮೊದಲು ತಂಗಿಯ ಹೆಸರು, ಆಮೇಲೆ ಹಸುವಿನ ಹೆಸರು, ಕೊನೆಗೆ ನನ್ನ ಹೆಸರು ಹೇಳುತ್ತಾಳೆ. ಅವಳನ್ನು ಶಿಕ್ಷಿಸಿದರೆ ನಾಳೆ ತಪ್ಪದೆ ಕೂಗುತ್ತಾಳೆಯೆ? ಶಿಕ್ಷೆಯ ಭಯದಿಂದ ಬೇಕೆಂದೇ ಮಾಡುವ ತಪ್ಪು ಕಡಿಮೆಯಾದೀತು. ತಿಳಿಯದೆ ಆಗುವ ತಪ್ಪು ಕಡಿಮೆಯಾಗದು, ಅದು ಬಚ್ಚಿಟ್ಟುಕೊಳ್ಳುತ್ತದೆ ಅಷ್ಟೆ. ಬಚ್ಚಿಟ್ಟುಕೊಂಡ ತಪ್ಪು ಬೂದಿ ಮುಚ್ಚಿದ ಕೆಂಡ.

ಒಬ್ಬನ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಊಬರ್‌ಲಿಂಗೆನ್ನಿನ ಕಥೆಯ ಕೊನೆಯ ಅಧ್ಯಾಯವನ್ನು ನೋಡಬೇಕು. ಆ ರಾತ್ರಿ ಜೂರಿಕ್‌ನಲ್ಲಿ ನಿಯಂತ್ರಕರು ಒಬ್ಬರೇ ಎರಡು ಪರದೆಗಳ ಕೆಲಸ ನೋಡುತ್ತಿದ್ದರು. ಜೊತೆಗಾರರು ವಿಶ್ರಾಂತಿಗೆ ಹೋಗಿದ್ದರು. ರಾಡಾರ್ ವ್ಯವಸ್ಥೆಯ ದುರಸ್ತಿ ನಡೆದಿತ್ತು, ಟೆಲಿಫೋನು ಕೆಟ್ಟಿತ್ತು. ಅಪಾಯವನ್ನು ಕಂಡ ಪಕ್ಕದ ಕೇಂದ್ರದವರು ಎಷ್ಟು ಪ್ರಯತ್ನಿಸಿದರೂ ಕರೆ ಹೋಗಲಿಲ್ಲ. ಇಷ್ಟೆಲ್ಲ ಕೊರತೆಗಳ ನಡುವೆ ಕೂತಿದ್ದ ಮನುಷ್ಯನನ್ನು, ಆ ವಿಮಾನದಲ್ಲಿ ಮಡದಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಂದೆಯೊಬ್ಬ 2004ರ ಫೆಬ್ರವರಿಯಲ್ಲಿ ಮನೆಬಾಗಿಲಿಗೆ ಬಂದು ಇರಿದು ಕೊಂದ. ಆ ತಂದೆಯ ಸಂಕಟವನ್ನು ಅಳೆಯಲು ನಮಗೆ ಸಾಧ್ಯವಿಲ್ಲ. ಆದರೆ ಸತ್ತ ಮಕ್ಕಳಲ್ಲಿ ಒಂದೂ ಹಿಂದಿರುಗಲಿಲ್ಲ, ಇನ್ನೊಂದು ಮನೆಯಲ್ಲಿ ದೀಪವಾರಿತು. ಆ ಸಂಸ್ಥೆಯ ಮೇಲಧಿಕಾರಿಗಳಲ್ಲಿ ಮೂವರು ಸೇರಿ ನಾಲ್ವರು ನೌಕರರು ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಿದ್ದು 2007ರಲ್ಲಿ.

ಇದೆಲ್ಲ ಹೊರದೇಶಗಳ ಮಾತೆಂದು ಓದುಗರು ತಿಳಿಯಬಾರದು. 2022ರ ಜನವರಿಯ ಒಂದು ಬೆಳಿಗ್ಗೆ ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅಕ್ಕಪಕ್ಕದ ಎರಡು ಓಡುದಾರಿಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದು ಒಂದರ ಕಡೆಗೊಂದು ಸಾಗಿದವು. ಒಳಗಿದ್ದವರು ಎರಡೂ ಸೇರಿ ನಾನೂರಕ್ಕೂ ಹೆಚ್ಚು ಜನ. ಒಂದೇ ಓಡುದಾರಿಯನ್ನು ಬಳಸುವುದೆಂದು ಮಾಡಿದ ತೀರ್ಮಾನ ಇನ್ನೊಂದು ಓಡುದಾರಿಯ ನಿಯಂತ್ರಕರಿಗೆ ತಲುಪಿರಲಿಲ್ಲ. ರಾಡಾರ್ ನೋಡುತ್ತಿದ್ದ ನಿಯಂತ್ರಕರೊಬ್ಬರು ಕಂಡು, ಇಬ್ಬರಿಗೂ ಬೇರೆ ಬೇರೆ ದಿಕ್ಕಿಗೆ ತಿರುಗಲು ಹೇಳಿ ಅನಾಹುತವನ್ನು ತಪ್ಪಿಸಿದರು. ಆ ನಿಯಂತ್ರಕರಿಗೆ ನಾವೆಲ್ಲ ಕೃತಜ್ಞರು. ಆದರೆ ಆ ಘಟನೆಯನ್ನು ಯಾವ ದಿನಚರಿ ಪುಸ್ತಕದಲ್ಲಿಯೂ ಬರೆದಿರಲಿಲ್ಲವೆಂದು ಆ ತಿಂಗಳ ಪತ್ರಿಕೆಗಳಲ್ಲಿ ವರದಿಯಾಯಿತು. ಅದನ್ನು ಓದಿದಾಗ ನನಗೆ ನಮ್ಮ ಮನೆಯ ಜಗಲಿ ನೆನಪಾಯಿತು. ವಿಮಾನ ನಿಲ್ದಾಣವಾದರೇನು, ಹಳ್ಳಿಯ ಸಬ್‌ಸ್ಟೇಷನ್ನಾದರೇನು, 'ಬಿಡಿ ಅತ್ಲಾಗೆ' ಎಂಬ ಮಾತು ಎಲ್ಲೆಡೆಯೂ ಒಂದೇ.

ಈ ವರ್ಷ ನಾವು ಕಾಲೇಜನ್ನು ಬಿಟ್ಟು ಹೊರಡುತ್ತೇವೆ. ನಮ್ಮಲ್ಲಿ ಕೆಲವರು ಗುಮಾಸ್ತರಾಗುತ್ತೇವೆ, ಕೆಲವರು ಉಪಾಧ್ಯಾಯರು, ಕೆಲವರು ದಾದಿಯರು, ಪೊಲೀಸರು, ಬಸ್ಸಿನ ಕಂಡಕ್ಟರುಗಳು. ಅದೃಷ್ಟವಿದ್ದರೆ ಒಬ್ಬಿಬ್ಬರು ಅಧಿಕಾರಿಗಳೂ ಆದೇವು. ನಮ್ಮ ಕೈಯಲ್ಲಿಯೂ ಒಂದು ಮಾತ್ರೆಯ ಬದಲು ಇನ್ನೊಂದು ಹೋದೀತು, ಒಂದು ಹೆಸರಿನ ಬದಲು ಇನ್ನೊಂದು ಬರೆದೇವು. ದೈವಕೃಪೆಯಿಂದ ಅನಾಹುತ ತಪ್ಪೀತು. ಆ ದಿನ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಗುರುತಿಲ್ಲದ ಯಾರದೋ ಕೈ ಉಳಿಯುವುದೋ ಹೋಗುವುದೋ ನಿಂತಿದೆ. ನಮ್ಮಲ್ಲಿ ಅಧಿಕಾರಿಗಳಾಗುವವರಿಗೆ ನನ್ನ ವಿನಂತಿ ಇಷ್ಟೆ: ನಿಮ್ಮ ಕೈಕೆಳಗಿನವನು ಬಂದು 'ಸ್ವಾಮಿ, ಇಂದು ಹೀಗಾಗುವುದರಲ್ಲಿತ್ತು' ಎಂದು ಹೇಳಿದರೆ, 'ಯಾರು ಮಾಡಿದ್ದು?' ಎಂದು ಮೊದಲು ಕೇಳಬೇಡಿ. 'ಹೇಗಾಯಿತು?' ಎಂದು ಕೇಳಿ. ಹೊಸೂರು ಲೈನಿಗೆ ಬೇರೆ ಹೆಸರಿಡುವುದಕ್ಕೆ, ಎರಡನೆಯ ಸರಪಳಿ ತರಿಸುವುದಕ್ಕೆ ಯಾರ ಹೆಸರೂ ಬೇಕಾಗಿಲ್ಲ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುನ್ನ ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಓದು ಬಾರದು. ಸುರುಗಾ ಕೊಲ್ಲಿಯ ಕಥೆಯನ್ನು ಕಣ್ಣರಳಿಸಿ ಕೇಳಿದರು. ನಮ್ಮ ಮನೆಯ ಕಥೆ ಬಂದಾಗ ತಲೆ ತಗ್ಗಿಸಿದರು. ಮುಗಿದ ಮೇಲೆ ಒಂದೇ ಮಾತು ಕೇಳಿದರು:

'ಆವಯ್ಯನ ಹೆಸರು ಹಾಕಿಲ್ಲ ತಾನೆ?'

'ಇಲ್ಲಪ್ಪ, ಹಾಕಿಲ್ಲ.'

'ಹಂಗಾದ್ರೆ ಕೊಡವ್ವ, ಓದ್ಲಿ ಎಲ್ಲರೂ' ಎಂದರು.

ಆದುದರಿಂದ ಕೊಟ್ಟಿದ್ದೇನೆ.